ಮಾತು ಮುಗೀತಾ ಅಂತ ಕೇಳಿ, ಆಮೇಲೆ ಕೀಳಿ

ಹೋದ ತಿಂಗಳು ಹಾಸನದ ನಮ್ಮ ಹಳೇ ಆಫೀಸಿನಿಂದ ಫೋನ್ ಬಂತು. ಹೊಸದಾಗಿ ಕೆಲಸಕ್ಕೆ ಸೇರಿರೋ ಹುಡುಗಿ. ನಾಳೆ ಮೊದಲನೇ ಸಲ ರೂಟರ್‌ನಿಂದ ಒಂದು ಮಾಡ್ಯೂಲ್ ತೆಗೀಬೇಕು ಮೇಡಂ, ಪುಸ್ತಕದಲ್ಲಿ ಏನೇನೋ ಬರೆದಿದ್ದಾರೆ, ಓದಿದಷ್ಟೂ ಭಯ ಆಗ್ತಿದೆ, ನೀವು ಹೆಂಗೆ ತೆಗೀತಿದ್ರಿ ಅಂತ ಕೇಳಿದಳು. ನಾನು ಹುಳಿಗೆ ಒಗ್ಗರಣೆ ಹಾಕ್ತಿದ್ದೆ. ಒಲೆ ಆರಿಸಿ ಕೂತೆ. ಹೇಳ್ತಾ ಹೇಳ್ತಾ ಹುಳಿ ತಣ್ಣಗಾಯ್ತು. ನಮ್ಮ ಯಜಮಾನರು ತಟ್ಟೆ ಮುಂದೆ ಕೂತು ಕೂತು ಸಾಕಾಗಿ ಮಜ್ಜಿಗೆ ಅನ್ನ ಕಲೆಸ್ಕೊಂಡು ಎದ್ದರು. ಕಡೆಗೆ ಆ ಹುಡುಗೀನೇ, ಇದನ್ನೆಲ್ಲ ಬರೆದುಬಿಡಿ ಮೇಡಂ, ನಮ್ಮಂಥೋರಿಗೆ ಬೇಕು ಅಂದಳು. ಅದಕ್ಕೇ ಬರೀತಿದೀನಿ.

ನನಗೆ ಯಾವಾಗ ಬಡ್ತಿ ಬಂತು, ಯಾವ ಸಾಹೇಬರು ಶಾಲು ಹೊದಿಸಿದರು ಅನ್ನೋದನ್ನ ಇಲ್ಲಿ ಹುಡುಕಬೇಡಿ. ಆ ಶಾಲು ಈಗ ನಮ್ಮನೆ ಮಿಕ್ಸಿ ಮೇಲೆ ಧೂಳು ಕೂರದ ಹಾಗೆ ಹೊದ್ದುಕೊಂಡಿದೆ. ನಾನು ಹೇಳೋಕೆ ಹೊರಟಿರೋದು ಒಂದು ಕಾರ್ಡು ಕೀಳೋ ವಿಷಯ ಮಾತ್ರ. ಅಷ್ಟೇನಾ ಅಂದುಕೊಳ್ಳಬೇಡಿ. ಅರಕಲಗೂಡಿನ ಹತ್ತಿರ ಆಲೂಗಡ್ಡೆ ಬೆಳೆಯೋ ಒಬ್ಬ ರೈತರ ಜೀವ ಒಂದು ಮಧ್ಯಾಹ್ನ ಪೂರ್ತಿ ನಮ್ಮ ಸಾಹೇಬರ ಬಲಗೈಲಿ ಇತ್ತು. ಅಲ್ಲಿಗೆ ಬರಬೇಕು ಅಂದ್ರೆ ಮೊದಲು ಹೊಳೆನರಸೀಪುರದ ಹಳೇ ಟೆಲಿಫೋನ್ ಬೋರ್ಡಿನ ಮುಂದೆ ಸ್ವಲ್ಪ ಹೊತ್ತು ಕೂರಬೇಕು.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಅಲ್ಲಿ ಟೆಲಿಫೋನ್ ಆಪರೇಟರ್ ಆಗಿ ಸೇರಿದೆ. ಈಗಿನೋರಿಗೆ ಇದು ಅರ್ಥ ಆಗೋದು ಕಷ್ಟ. ಊರಿನ ಯಾರಿಗಾದರೂ ಬೇರೆ ಊರಿಗೆ ಮಾತಾಡಬೇಕು ಅಂದ್ರೆ ನಮ್ಮನ್ನ ಕೇಳಬೇಕು. ನಾವು ಬೋರ್ಡಿನ ತೂತಿಗೆ ಪ್ಲಗ್ಗು ಸಿಕ್ಕಿಸಿ ಇವರನ್ನೂ ಅವರನ್ನೂ ಸೇರಿಸ್ತಿದ್ವಿ. ಮಾತು ಮುಗಿದ ಮೇಲೆ ಪ್ಲಗ್ಗು ಕೀಳ್ತಿದ್ವಿ. ಸಿಕ್ಕಿಸೋದು ಸುಲಭ, ಕೀಳೋದೇ ಕಷ್ಟ. ನಮಗೆ ಹಿರಿಯರಾಗಿದ್ದವರು ಸುಬ್ಬಲಕ್ಷ್ಮಮ್ಮ. ದೇವಸ್ಥಾನದ ಅರ್ಚಕರ ಮಗಳು. ಒಂಬತ್ತು ಗಜದ ಸೀರೆ, ಕಿವೀಲಿ ಹರಳಿನ ಓಲೆ, ಅದರ ಮೇಲೆ ಹೆಡ್‌ಫೋನು. ನಮ್ಮ ಬೆನ್ನ ಹಿಂದೆ ಸ್ಟೂಲು ಹಾಕ್ಕೊಂಡು ಕೂತಿರ್ತಿದ್ರು. ಪ್ಲಗ್ಗು ಕೀಳೋಕೆ ಮುಂಚೆ ಲೈನಿಗೆ ಸೇರಿಕೊಂಡು ‘ಮಾತಾಡ್ತಿದೀರಾ? ಮಾತಾಡ್ತಿದೀರಾ? ಮಾತು ಮುಗೀತಾ?’ ಅಂತ ಕೇಳಲೇಬೇಕು. ಕೇಳದೆ ಕಿತ್ತರೆ ಹಿಂದಿನಿಂದ ತಲೆ ಮೇಲೆ ಮೊಟಕು ಬೀಳ್ತಿತ್ತು. ನಮ್ಮಪ್ಪ ಗರ್ಭಗುಡಿ ಬಾಗಿಲು ತೆಗೆಯೋಕೆ ಮುಂಚೆ ಚಪ್ಪಾಳೆ ತಟ್ಟಿ, ಬರ್ತಿದೀನಿ ಅಂತ ಹೇಳಿ ಒಳಗೆ ಹೋಗ್ತಿದ್ರು ಕಣೇ, ದೇವರಿಗೇ ಅಷ್ಟು ಮರ್ಯಾದೆ ಇದೆ, ಮಾತಾಡೋ ಮನುಷ್ಯರಿಗೆ ಬೇಡ್ವಾ ಅಂತಿದ್ರು.

ನನ್ನ ಪಕ್ಕ ಕೂರ್ತಿದ್ದವಳು ವನಜಾಕ್ಷಿ. ಚುರುಕು ಕೈ, ಅದಕ್ಕಿಂತ ಚುರುಕು ಬಾಯಿ. ಒಂದು ದಿನ ನಮ್ಮೂರಿನ ತೆಂಗಿನಕಾಯಿ ಮಂಡಿಯ ತಿಮ್ಮಶೆಟ್ಟರು ಕೊಬ್ಬರಿ ವ್ಯಾಪಾರಕ್ಕೆ ತಿಪಟೂರಿಗೆ ಲೈನ್ ತಗೊಂಡಿದ್ರು. ಮೊದಮೊದಲು ಮಾತು ಜೋರಾಗೇ ಇತ್ತು. ಆಮೇಲೆ ಎರಡೂ ಕಡೆ ಗಪ್‌ಚುಪ್. ವನಜಾಕ್ಷಿ ಮೂರು ಸಲ ಕೇಳಿದಳು. ಯಾರೂ ಉಸಿರೆತ್ತಲಿಲ್ಲ. ಸರಿ, ಪ್ಲಗ್ಗು ಕಿತ್ತಳು. ಸ್ವಲ್ಪ ಹೊತ್ತಿಗೆ ಶೆಟ್ಟರು ಕಂಕುಳಲ್ಲಿ ಕೊಡೆ ಇಟ್ಕೊಂಡು ಬಿಸಿಲಲ್ಲಿ ನಡ್ಕೊಂಡೇ ಎಕ್ಸ್‌ಚೇಂಜಿಗೆ ಬಂದರು. ಮುಖ ಕೆಂಡಾಮಂಡಲ.

“ನಾನು ಸುಮ್ಮನಿದ್ದೆ, ನಿಜ. ತಿಪಟೂರಿನವನೂ ಸುಮ್ಮನಿದ್ದ. ಯಾರು ಮೊದಲು ಬಾಯಿ ಬಿಡ್ತಾರೋ ಅವರು ಸೋತ ಹಾಗೆ. ವ್ಯಾಪಾರ ಕುದೀತಿತ್ತು ಕಣಮ್ಮ, ನೀನು ಒಲೆ ಆರಿಸಿಬಿಟ್ಟೆ.”

ಸುಬ್ಬಲಕ್ಷ್ಮಮ್ಮ ಬಿಡ್ತಾರಾ? ಹುಡುಗಿ ಮೂರು ಸಲ ಕೇಳಿದಳಲ್ಲ ಶೆಟ್ರೇ, ಹೂಂ ಅನ್ನೋಕೆ ನಿಮಗೇನಾಗಿತ್ತು ಅಂತ ಕೇಳಿದರು. ಬಾಯಿ ಬಿಟ್ಟರೆ ಸೋತ ಹಾಗಲ್ವೇ ತಾಯಿ ಅಂತ ಶೆಟ್ಟರು ಅಂದರು. ವನಜಾಕ್ಷಿ ಕಿಸಕ್ಕನೆ ನಕ್ಕಳು, ಶೆಟ್ಟರಿಗೂ ನಗು ಬಂತು. ಅಲ್ಲೇ ಒಂದು ಒಪ್ಪಂದ ಆಯ್ತು. ಇನ್ಮೇಲೆ ನಾವು ಕೇಳಿದಾಗ ವ್ಯಾಪಾರ ಇನ್ನೂ ಕುದೀತಿದ್ರೆ ಶೆಟ್ಟರು ಒಂದು ಸಲ ಕೆಮ್ಮಬೇಕು. ಕೆಮ್ಮಿದ್ರೆ ನಾವು ಕೀಳಬಾರದು. ಆವತ್ತಿನಿಂದ ಬೋರ್ಡು ಎತ್ತಿಕೊಂಡು ಹೋಗೋ ತನಕ ಶೆಟ್ಟರು ಕೆಮ್ಮುತ್ತಾನೇ ಇದ್ದರು. ಅವರ ಹೆಂಡತಿ ಏನೋ ಕಾಯಿಲೆ ಅಂದ್ಕೊಂಡು ಕಷಾಯ ಕುಡಿಸಿದ್ದೂ ಆಯ್ತು.

ಆಮೇಲೆ ಆಟೋಮ್ಯಾಟಿಕ್ ಎಕ್ಸ್‌ಚೇಂಜು ಬಂತು. ಜನ ತಾವೇ ನಂಬರ್ ಒತ್ತಿಕೊಳ್ಳೋ ಹಾಗಾಯ್ತು. ನಮ್ಮ ಬೋರ್ಡನ್ನ ಲಾರೀಲಿ ಹಾಕಿ ಕಳಿಸಿದ ದಿನ ನನಗೆ ಅಳು ಬಂದಿತ್ತು. ನಾವಿನ್ನು ಬೇಡದವರಾದ್ವಿ ಅನ್ನಿಸಿತ್ತು. ವನಜಾಕ್ಷಿ ಬಿಲ್ಲು ಕಟ್ಟಿಸಿಕೊಳ್ಳೋ ಕೌಂಟರಿಗೆ ಹೋದಳು. ನಾನು ಪರೀಕ್ಷೆ ಬರೆದು, ಮೈಸೂರಿನಲ್ಲಿ ತರಬೇತಿ ಮುಗಿಸಿಕೊಂಡು, ಹಾಸನದ ಡೇಟಾ ರೂಮಿಗೆ ಬಂದೆ. ದಿನಾ ಹೊಳೆನರಸೀಪುರದಿಂದ ಬಸ್ಸು. ಆ ರೂಮಿನಲ್ಲಿ ಸೀರೆ ಉಟ್ಟವಳು ನಾನೊಬ್ಬಳೇ. ಏಸಿ ಗಾಳಿಗೆ ಚಳಿ ಅಂತ ಸ್ವೆಟರ್ ಬೇರೆ.

ರೂಟರ್ ಅಂದ್ರೆ ಏನು ಅಂತ ಮನೇಲಿ ಕೇಳಿದಾಗ ನಾನು ಹೇಳ್ತಿದ್ದದ್ದು ಇಷ್ಟೇ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಇರ್ತಾರಲ್ಲ, ಅರಕಲಗೂಡಿನ ಬಸ್ಸು ಇಲ್ಲಿ ನಿಲ್ಲಲಿ, ಚನ್ನರಾಯಪಟ್ಟಣದ್ದು ಅಲ್ಲಿ ನಿಲ್ಲಲಿ ಅಂತ ಹೇಳೋರು, ಅಂಥದ್ದೇ ಕೆಲಸ ಕಂಪ್ಯೂಟರಿನ ಮಾತುಗಳಿಗೆ. ಅದರೊಳಗೆ ಸಾಲಾಗಿ ಮಾಡ್ಯೂಲುಗಳು ಕೂತಿರ್ತವೆ. ನಾವು ಕಾರ್ಡು ಅಂತಿದ್ವಿ. ಒಂದೊಂದು ಕಾರ್ಡಿಗೂ ಹಲವು ಊರಿನ ಲೈನು. ಕಾರ್ಡು ಕೆಟ್ಟರೆ ಕಿತ್ತು ಹೊಸದು ಹಾಕಬೇಕು. ಎರಡು ಲೋಹದ ಸ್ಕ್ರೂ, ಎರಡು ಕಡೆ ಎರಡು ಸಣ್ಣ ಹಿಡಿ. ಸ್ಕ್ರೂ ಸಡಿಲಿಸಿ, ಹಿಡಿಗಳನ್ನ ಒಟ್ಟಿಗೆ ತೆರೆದು, ನೆಟ್ಟಗೆ ಎಳೆದರೆ ಬಂತು. ಯಾರು ಬೇಕಾದ್ರೂ ಎಳೀಬಹುದು, ಆ ಸುಲಭವೇ ಅಪಾಯ.

ಅಲ್ಲಿ ನನಗೆ ಮೇಲಿನವರಾಗಿದ್ದವರು ಮಂಜೇಗೌಡರು. ದುದ್ದದ ಕಡೆಯವರು. ರಾಗಿ ಹೊಲ, ತೆಂಗು, ಸೀಮೆಹಸು ಎಲ್ಲ ಇದ್ದ ಮನೆ. ಆಳು ಎತ್ತರ, ಕೈ ಅಗಲ, ನಗು ಅದಕ್ಕಿಂತ ಅಗಲ. ವಿದ್ಯೆಯಲ್ಲೂ ಕಮ್ಮಿ ಇಲ್ಲ, ಯಾವ ರೂಟರಿಗೆ ಏನು ಕಾಯಿಲೆ ಅಂತ ಸದ್ದು ಕೇಳಿಯೇ ಹೇಳ್ತಿದ್ರು. ಒಂದೇ ಒಂದು ಕೊರತೆ, ಕಾಯೋದು ಗೊತ್ತಿರಲಿಲ್ಲ. ಕಡಲೆಕಾಯಿ ಗಿಡ ಕಿತ್ತ ಹಾಗೆ ಕಾರ್ಡು ಕೀಳ್ತಿದ್ರು. ಫೋನಿನಲ್ಲಂತೂ ನಾವು ಮಾತು ಮುಗಿಸೋದರೊಳಗೆ ರಿಸೀವರ್ ಕುಕ್ಕಿಬಿಡ್ತಿದ್ರು. ಎಷ್ಟೋ ಸಲ ನಾನು ‘ಸಾರ್, ಇನ್ನೊಂದು ವಿಷಯ’ ಅನ್ನೋಷ್ಟರಲ್ಲಿ ಲೈನ್ ಸತ್ತಿರ್ತಿತ್ತು. ಮತ್ತೆ ಮಾಡಿದ್ರೆ ‘ಇನ್ನೇನಮ್ಮ?’ ಅಂತ ನನ್ನ ಮೇಲೇ ರೇಗೋರು.

ಅವರ ಕಾಲದಲ್ಲೇ ನಡೆದದ್ದು ಆಯುಧಪೂಜೆಯ ಪ್ರಸಂಗ. ಹಬ್ಬದ ದಿನ ಲಾರಿ, ಬಸ್ಸು, ಕುಡುಗೋಲು ಎಲ್ಲಕ್ಕೂ ಪೂಜೆ ಆಗುತ್ತೆ, ನಮ್ಮ ಅನ್ನ ಹಾಕೋ ರೂಟರಿಗೆ ಬೇಡ್ವಾ ಅಂತ ಗೌಡರು ಬಾಳೆಕಂದು, ಕುಂಬಳಕಾಯಿ ಎಲ್ಲ ತರಿಸಿದ್ರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಹೊರಗೆ ಒರೆಸಿದ್ರೆ ಏನು ಬಂತು, ಮೈ ತೊಳೀಬೇಕು ಅಂತ ನಡೀತಿದ್ದ ರೂಟರಿಂದ ಒಂದು ಕಾರ್ಡನ್ನ ಎಳೆದೇಬಿಟ್ಟರು. ಒದ್ದೆ ಬಟ್ಟೇಲಿ ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಖಾಲಿ ಜಾಗಕ್ಕೆ ನಾಲ್ಕು ಅಕ್ಷತೆ ಹಾಕಿ, ಕೈಮುಗಿದು ವಾಪಸ್ ತಳ್ಳಿದರು. ಹೋಗಲಿಲ್ಲ. ಇನ್ನೂ ಜೋರಾಗಿ ತಳ್ಳಿದರು. ಒಳಗೆ ಅಕ್ಕಿ ಕಾಳು ಅಡ್ಡ ಕೂತಿತ್ತು, ಪಿನ್ನು ಬಗ್ಗಿತು. ರಜಾ ದಿನ ಆದ್ದರಿಂದ ಊರಿಗೆಲ್ಲ ಗೊತ್ತಾಗಲಿಲ್ಲ ಅಷ್ಟೇ. ಕಾರ್ಡನ್ನ ರಿಪೇರಿಗೆ ಮೈಸೂರಿಗೆ ಕಳಿಸಿದಾಗ ಅಲ್ಲಿಯ ಎಂಜಿನಿಯರು ಫೋನ್ ಮಾಡಿ, ಏನ್ರೀ ಗೌಡ್ರೇ, ಕಾರ್ಡಿಗೆ ದೆವ್ವ ಬಿಡಿಸಿದ್ರಾ ಅಂತ ಕೇಳಿದರು. ಮುಂದಿನ ವರ್ಷದಿಂದ ಪೂಜೆ ರೂಟರ್ ಇಟ್ಟಿದ್ದ ಬೀರುವಿನ ಹೊರಬಾಗಿಲಿಗೆ ಮಾತ್ರ, ಅಕ್ಷತೆ ಬದಲು ಸೇವಂತಿಗೆ ಹೂ.

ಆವತ್ತು ಆ ಕೆಟ್ಟ ಕಾರ್ಡನ್ನ ತೆಗೆದಿಡೋ ಕೆಲಸ ನನಗೆ ಬಂತು, ನಾನು ಉಟ್ಟಿದ್ದದ್ದು ರೇಷ್ಮೆ ಸೀರೆ. ಅದೂ ಒಂದು ಪಾಠ. ರೇಷ್ಮೆ, ನೈಲಾನು, ಸ್ವೆಟರ್ ಎಲ್ಲ ಮೈಗೆ ಉಜ್ಜಿ ಉಜ್ಜಿ ನಮಗೆ ತಿಳಿಯದ ಹಾಗೆ ಒಂದು ಸಣ್ಣ ವಿದ್ಯುತ್ತು ಮೈಯಲ್ಲಿ ಕೂಡಿರುತ್ತೆ. ನಾವು ಕಾರ್ಡು ಮುಟ್ಟಿದಾಗ ಅದು ಚಟ್ ಅಂತ ಹಾರಿದರೆ ನಮಗೇನೂ ಆಗಲ್ಲ, ಕಾರ್ಡು ಮಾತ್ರ ಒಳಗೊಳಗೇ ಸತ್ತಿರುತ್ತೆ. ಅದಕ್ಕೇ ಕೈಗೊಂದು ಪಟ್ಟಿ ಕಟ್ಟಿ, ಅದರ ವೈರನ್ನ ರೂಟರಿನ ಲೋಹದ ಮೈಗೆ ಸಿಕ್ಕಿಸಬೇಕು. ಪಟ್ಟಿ ಚರ್ಮಕ್ಕೆ ತಾಕಬೇಕು. ನನ್ನ ಮಣಿಕಟ್ಟಿನ ತುಂಬ ಗಾಜಿನ ಬಳೆ! ತೆಗೆದಿಡಿ ಅಂತ ಯಾರೋ ಅಂದಾಗ ಗೌಡರೇ ಗದರಿಸಿದರು, ಮುತ್ತೈದೆ ಕೈ ಬಳೆ ತೆಗೆಸ್ತೀಯೇನಲಾ ಅಂತ. ಬಳೆಗಳನ್ನ ಕೆಳಗೆ ಬಿಟ್ಟು ಪಟ್ಟೀನ ಮೇಲೆ, ಮೊಣಕೈ ಹತ್ತಿರ ಕಟ್ಟಿಕೊಂಡೆ. ಕೆಲಸ ಆಯ್ತು. ಆ ಪಟ್ಟಿಗೆ ನಮ್ಮ ರೂಮಿನಲ್ಲಿ ಕಂಕಣ ಅಂತ ಹೆಸರಾಯ್ತು. ಕಂಕಣ ಕಟ್ಟಿದ್ರಾ, ಅಂತ ಕೇಳಿದ ಮೇಲೇ ಬೀರು ಬಾಗಿಲು ತೆಗೀತಿದ್ವಿ.

ಹಲ್ಲಿ ಕಥೆ ಹೇಳದೆ ಮುಂದೆ ಹೋದರೆ ತಪ್ಪಾಗುತ್ತೆ. ಕಾರ್ಡು ಕಿತ್ತ ಜಾಗ ಖಾಲಿ ಬಿಡಬಾರದು, ಒಂದು ತಗಡಿನ ಮುಚ್ಚಳ ಹಾಕಬೇಕು ಅಂತ ನಿಯಮ. ತಣ್ಣನೆ ಗಾಳಿ ಸರಿಯಾಗಿ ಒಳಗೆ ಓಡಾಡಲಿ ಅಂತ. ಇರಲಿ ಬಿಡಮ್ಮ, ನಾಳೆ ಹೊಸ ಕಾರ್ಡು ಬತ್ತದಲ್ಲ ಅಂತ ಗೌಡರು ಹಾಗೇ ಬಿಟ್ಟರು. ಒಳಗೆ ಬೆಚ್ಚಗಿತ್ತಲ್ಲ, ಹಲ್ಲಿ ಸಂಸಾರ ಹೂಡೋಕೆ ಹೋಯ್ತು. ಬೆಳಗ್ಗೆ ಬಂದು ನೋಡಿದ್ರೆ ರೂಟರ್ ಬಂದ್. ಆ ಹಲ್ಲಿಯನ್ನ ಕಡ್ಡಿಯಿಂದ ತೆಗೆಯುವಾಗ ಅದು ಗೌಡರ ಬಲಭುಜದ ಮೇಲೆ ಬಿತ್ತು. ಬಲಭುಜದ ಮೇಲೆ ಹಲ್ಲಿ ಬಿದ್ದರೆ ಏನು ಫಲ ಅಂತ ಪಂಚಾಂಗ ನೋಡೋಕೆ ನನಗೇ ಹೇಳಿದರು. ಕೆಲಸ ಹೆಚ್ಚುತ್ತೆ ಅಂತಿದೆ ಸಾರ್ ಅಂದೆ. ಪಂಚಾಂಗ ನಾನು ತೆಗೆದೇ ಇರಲಿಲ್ಲ.

ಇಷ್ಟೆಲ್ಲ ಆದರೂ ಮುಖ್ಯವಾದ ನಿಯಮದಲ್ಲಿ ನಮ್ಮಿಬ್ಬರಿಗೂ ಜಗಳ ಇದ್ದೇ ಇತ್ತು. ರೂಟರ್‌ಗಳಲ್ಲಿ ಎರಡು ಜಾತಿ. ಕೆಲವನ್ನ ಪೂರ್ತಿ ಆರಿಸಿದ ಮೇಲೇ ಕಾರ್ಡು ಮುಟ್ಟಬೇಕು. ನಮ್ಮ ದೊಡ್ಡ ರೂಟರ್‌ನಂಥವು ನಡೀತಿರುವಾಗಲೂ ಕಾರ್ಡು ತೆಗೆಯೋಕೆ ಬಿಡುತ್ತವೆ. ಆದರೆ ಮೊದಲು ಕಂಪ್ಯೂಟರ್‌ನಿಂದ ರೂಟರಿಗೆ, ಈ ಕಾರ್ಡನ್ನ ತೆಗೀತೀನಪ್ಪ, ನಿಲ್ಲಿಸಿಬಿಡು ಅಂತ ಹೇಳಬೇಕು. ಅದು ಒಂದೊಂದೇ ಕೆಲಸ ಮುಗಿಸಿಕೊಂಡು, ಕಾರ್ಡಿನ ಮೇಲಿನ ಹಸಿರು ದೀಪ ಆರಿಸುತ್ತೆ. ದೀಪ ಆರಿದ ಮೇಲೆ ಎಳೀಬೇಕು. ನಾನು ಇದಕ್ಕೆ ಇನ್ನೊಂದು ಸೇರಿಸಿದ್ದೆ. ನಿಲ್ಲಿಸು ಅಂತ ರೂಟರಿಗೆ ಹೇಳೋಕೆ ಮುಂಚೆ, ಆ ಕಾರ್ಡಿನಲ್ಲಿರೋ ಊರೂರಿಗೂ ಫೋನ್ ಮಾಡಿ, ಮಾತು ಮುಗೀತಾ ಅಂತ ಕೇಳೋದು. ಪುಸ್ತಕದಲ್ಲಿ ಇಲ್ಲ. ಸುಬ್ಬಲಕ್ಷ್ಮಮ್ಮನ ಮೊಟಕು ನನ್ನ ತಲೇಲಿ ಇತ್ತು. ಗೌಡರಿಗೆ ಇದು ಹಿಡಿಸ್ತಿರಲಿಲ್ಲ. ಮೆಷೀನು ನೋಡಿದ್ರೆ ಗೊತ್ತಾಯ್ತದೆ, ಮನುಷ್ಯರನ್ನ ಯಾಕೆ ಕೇಳ್ತೀರಿ ಪಂಕಜಮ್ಮ ಅನ್ನೋರು. ಅವರಿಗೆ ತಿಮ್ಮಶೆಟ್ಟರ ಕೆಮ್ಮಿನ ಕಥೆ ಹೇಳಿದ್ದೆ. ಹೊಟ್ಟೆ ಹಿಡ್ಕೊಂಡು ನಕ್ಕರು, ಅಷ್ಟೇ. ವಿಚಿತ್ರ ಏನಂದ್ರೆ ರೂಟರ್‌ಗಳೂ ಶೆಟ್ಟರ ಹಾಗೇ. ಏನೂ ಮಾತಿಲ್ಲದಿದ್ದಾಗಲೂ ನಾನಿದೀನಿ, ನಾನಿದೀನಿ ಅಂತ ಆಗಾಗ ಆ ಕಡೆಗೊಂದು ಸಣ್ಣ ಸಂಕೇತ ಕಳಿಸ್ತಾ ಇರ್ತವೆ. ನಾನದನ್ನ ಕೆಮ್ಮು ಅಂತಲೇ ಕರೀತಿದ್ದೆ.

ಈಗ ಆ ಮಧ್ಯಾಹ್ನಕ್ಕೆ ಬರ್ತೀನಿ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ಒಂದೇ ಕಾರ್ಡಿನಲ್ಲಿ ಮೂರು ಊರಿನ ಲೈನು. ಹೊಳೆನರಸೀಪುರದ ಒಂದು ಕಾಲೇಜು, ಅರಕಲಗೂಡಿನ ಒಂದು ನರ್ಸಿಂಗ್ ಹೋಂ, ಚನ್ನರಾಯಪಟ್ಟಣದ ಪಹಣಿ ಕೌಂಟರು. ಚನ್ನರಾಯಪಟ್ಟಣದ ಲೈನು ಬೆಳಗ್ಗೆಯಿಂದ ಬರೋದು, ಹೋಗೋದು. ಅಲ್ಲಿ ಹನಿ ನೀರಾವರಿ ಅರ್ಜಿಗೆ ಕಡೇ ದಿನ, ಪಹಣಿಗೆ ಜನ ಜಾತ್ರೆಯಂತೆ ಸೇರಿದ್ದರು. ಕೌಂಟರಿನ ಗುಮಾಸ್ತರು ಫೋನಿನ ಮೇಲೆ ಫೋನು, ಮೇಡಂ, ಜನ ಕಿಟಕಿ ಮುರೀತಾರೆ ಅಂತ. ಕಾರ್ಡೇ ಕೆಟ್ಟಿದೆ ಅಂತ ಗೊತ್ತಾಗಿ ಮೈಸೂರಿಗೆ ಹೇಳಿದ್ವಿ. ಹೊಸ ಕಾರ್ಡು ಬಸ್ಸಿನ ಕಂಡಕ್ಟರ್ ಕೈಲಿ, ಮಲ್ಲಿಗೆ ಬುಟ್ಟಿ ಪಕ್ಕದಲ್ಲಿ ಕೂತು ಬಂತು. ರೂಮೆಲ್ಲ ಘಮಘಮ.

ಬದಲಾಯಿಸಿದರೆ ಮೂರು ಲೈನೂ ಸ್ವಲ್ಪ ಹೊತ್ತು ನಿಲ್ಲಬೇಕು. ಮೇಲಿನವರ ಅಪ್ಪಣೆ ಸಿಕ್ಕಿತ್ತು. ನಾನು ಕಾಲೇಜಿಗೆ ಫೋನ್ ಮಾಡಿದೆ. ಊಟದ ಹೊತ್ತು, ಯಾರೂ ಲ್ಯಾಬಿನಲ್ಲಿಲ್ಲ, ತೆಗೀರಿ ಅಂದರು. ಅರಕಲಗೂಡಿನ ನರ್ಸಿಂಗ್ ಹೋಮಿಗೆ ಮಾಡಿದೆ. ರಿಂಗಾಯ್ತು, ರಿಂಗಾಯ್ತು, ಎತ್ತಲಿಲ್ಲ. ಆ ನರ್ಸಿಂಗ್ ಹೋಮಿನವರು ಎದೆನೋವಿನವರ ಇಸಿಜಿ ಚೀಟಿಯನ್ನ ನಮ್ಮ ಲೈನಿನಲ್ಲಿ ಬೆಂಗಳೂರಿನ ಹೃದಯದ ಡಾಕ್ಟರಿಗೆ ಕಳಿಸಿ ಸಲಹೆ ಕೇಳ್ತಿದ್ರು. ಸಂಜೆ ಹೊತ್ತೇ ಜಾಸ್ತಿ. ಗೌಡರು ಪರದೆ ತೋರಿಸಿದರು.

“ನೋಡಿ, ಒಂದು ಹನಿನೂ ಓಡ್ತಿಲ್ಲ. ಒಣಗಿದ ಕಾಲುವೆ ಕಣ್ರಮ್ಮ ಅದು. ಅಲ್ಲಿ ಚನ್ನರಾಯಪಟ್ಟಣದಲ್ಲಿ ಜನ ಸಾಯ್ತಾವ್ರೆ.”

ಅವರ ಮಾತೂ ಸುಳ್ಳಲ್ಲ. ಅರಕಲಗೂಡಿನ ಲೈನಿನಲ್ಲಿ ಬರೀ ಕೆಮ್ಮು ಮಾತ್ರ ಕಾಣ್ತಿತ್ತು. ಆದರೆ ಫೋನ್ ಯಾಕೆ ಎತ್ತುತ್ತಿಲ್ಲ? ನರ್ಸಿಂಗ್ ಹೋಮಿನ ಎದುರಿಗೆ ಒಂದು ಬೇಕರಿ ಇತ್ತು. ಅದರ ಪಕ್ಕದಲ್ಲೇ ನಮ್ಮ ಕೇಬಲ್ಲಿನ ಪೆಟ್ಟಿಗೆ. ನಮ್ಮ ಲೈನ್‌ಮನ್‌ಗಳು ಅಲ್ಲಿಂದಲೇ ನಮಗೆ ಫೋನ್ ಮಾಡ್ತಿದ್ದರಿಂದ ನಂಬರು ನನಗೆ ಬಾಯಿಪಾಠ. ಬೇಕರಿ ಕುಮಾರಣ್ಣನಿಗೆ ಫೋನ್ ಹಚ್ಚಿ, ಎದುರಿಗೆ ಹೋಗಿ ಒಂದು ಮಾತು ಕೇಳಿಕೊಂಡು ಬಾಪ್ಪ, ಬೆಂಗಳೂರಿನ ಜೊತೆ ಮಾತು ಮುಗೀತಾ ಅಂತ, ಅಂದೆ. ಒಳಗೆ ಬನ್ನು ಬೇಯ್ತಾ ಐತೆ ಕಣಕ್ಕ ಅಂತ ಗೊಣಗಿದ. ಆದರೂ ರಿಸೀವರ್ ಮೇಜಿನ ಮೇಲಿಟ್ಟು ಹೋದ. ನನ್ನ ಕಿವೀಲಿ ಅರಕಲಗೂಡಿನ ಬಸ್ಸಿನ ಹಾರನ್ನು, ಯಾರೋ ದಿಲ್‌ಪಸಂದ್ ಕೇಳೋ ಸದ್ದು.

ಆಗ ಬೆನ್ನ ಹಿಂದೆ ಕಿರ್ ಅಂತ ಕೇಳಿಸ್ತು. ತಿರುಗಿ ನೋಡಿದ್ರೆ, ಕಾಯೋಕಾಗದೆ ಗೌಡರು ಕಂಕಣ ಕಟ್ಟಿಕೊಂಡು ಎರಡೂ ಸ್ಕ್ರೂ ಸಡಿಲಿಸಿ, ಹಿಡಿಗಳನ್ನ ಅರ್ಧ ತೆರೆದುಬಿಟ್ಟಿದ್ದಾರೆ! ನೀವು ನಿಲ್ಸು ಅಂತ ಒತ್ತಿದ ತಕ್ಷಣ ಎಳೆಯಾಣ ಅಂತ ರೆಡಿ ಮಾಡ್ಕತಿದ್ದೆ ಕಣಮ್ಮ ಅಂದರು. ಕಾರ್ಡು ಕೂದಲೆಳೆಯಷ್ಟು ಮುಂದೆ ಬಂದಿತ್ತು. ಹಸಿರು ದೀಪ ಇನ್ನೂ ಉರೀತಿತ್ತು. ಅಷ್ಟರಲ್ಲಿ ಕುಮಾರಣ್ಣ ಏದುಸಿರು ಬಿಡ್ತಾ ವಾಪಸ್ ಬಂದ.

“ಇಲ್ಲ ಕಣಕ್ಕ, ಮುಗಿದಿಲ್ವಂತೆ. ಆಲೂಗಡ್ಡೆ ಮೂಟೆ ಹೊರುವಾಗ ಎದೆ ಹಿಡ್ಕಂಡು ಬಿದ್ದೋರೊಬ್ರನ್ನ ಮಲಗಿಸವ್ರೆ. ಚೀಟಿ ಕಳ್ಸವ್ರಂತೆ. ಬೆಂಗ್ಳೂರ್ ಡಾಕ್ಟ್ರು ನೋಡ್ತಾವ್ರೆ. ಎಲ್ರೂ ಆ ಕಂಪ್ಯೂಟ್ರು ಟೀವಿ ಮುಂದೆ ನಿಂತವ್ರೆ, ಒಬ್ರೂ ಮಾತಾಡ್ತಿಲ್ಲ.”

ಆ ಕಡೆ ಡಾಕ್ಟರು ಚೀಟಿ ನೋಡ್ತಾ ಸುಮ್ಮನಿದ್ದಾರೆ, ಈ ಕಡೆಯವರು ಅವರ ಒಂದು ಮಾತಿಗೆ ಕಾಯ್ತಾ ಸುಮ್ಮನಿದ್ದಾರೆ. ವ್ಯಾಪಾರ ಕುದೀತಿದೆ. ಲೈನಿನಲ್ಲಿ ಏನೂ ಓಡದೇ ಇದ್ದದ್ದು ಅದಕ್ಕೆ. ಯಾವ ಇಂಜೆಕ್ಷನ್ ಕೊಡಬೇಕು ಅನ್ನೋ ಮಾತು ಅದೇ ಲೈನಿನಲ್ಲಿ ಬರಬೇಕು. ಆ ಲೈನು ಬರೋ ಕಾರ್ಡು ಗೌಡರ ಕೈಲಿ ಸಡಿಲವಾಗಿ ನಿಂತಿದೆ.

“ಸಾರ್, ಅಲ್ಲಾಡಬೇಡಿ” ಅಂದೆ.

ಅವರಿಗೂ ಅರ್ಥ ಆಗಿತ್ತು. ಒಳಗೆ ತಳ್ಳಿದರೆ, ಹೊಸ ಕಾರ್ಡು ಬಂತು ಅಂತ ರೂಟರ್ ತಿಳ್ಕೊಂಡು ಎಲ್ಲ ಮೊದಲಿಂದ ಶುರು ಮಾಡಿಬಿಡಬಹುದು. ಕೈ ಬಿಟ್ಟರೆ, ವೈರುಗಳ ಭಾರಕ್ಕೆ ಕಾರ್ಡು ಇನ್ನಷ್ಟು ಹೊರಗೆ ಜಾರಬಹುದು. ಇದ್ದ ಹಾಗೇ ಹಿಡಿದುಕೊಂಡಿರೋದು ಒಂದೇ ದಾರಿ. ಜೀವಮಾನದಲ್ಲಿ ಯಾವುದಕ್ಕೂ ಕಾಯದ ಮಂಜೇಗೌಡರು, ಬಲಗೈ ಚಾಚಿ, ಅಂಗೈ ಕಾರ್ಡಿಗೆ ಒತ್ತಿಕೊಂಡು, ಗೋಡೆಗೆ ಬಳಿದ ಚಿತ್ರದ ಹಾಗೆ ನಿಂತರು. ಹಣೆಯಿಂದ ಬೆವರು ಇಳೀತಿತ್ತು, ಏಸಿ ರೂಮಿನಲ್ಲಿ. ನಾನು ಸೆರಗಿನಿಂದ ಒರೆಸೋದಾ ಬೇಡ್ವಾ ಅಂತ ಯೋಚಿಸಿ, ಕರವಸ್ತ್ರದಿಂದ ಒರೆಸಿದೆ.

ಇನ್ನೊಂದು ಫೋನು ಹೊಡ್ಕೊಳ್ತು. ಚನ್ನರಾಯಪಟ್ಟಣ. ಗುಮಾಸ್ತರ ಕೈಯಿಂದ ಯಾರೋ ಫೋನ್ ಕಿತ್ತುಕೊಂಡಿದ್ದರು. ನಮ್ಮ ಇಲಾಖೆಯ ವಂಶವನ್ನೇ ಬೈತಿದ್ದರು. ಕೊಡಿ ಇತ್ಲಾಗೆ ಅಂತ ಗೌಡರು ಕಣ್ಣಲ್ಲೇ ಸನ್ನೆ ಮಾಡಿದರು. ರಿಸೀವರನ್ನ ಅವರ ಕಿವಿಗೆ ಹಿಡಿದೆ. ಬೇರೆ ದಿನ ಆಗಿದ್ರೆ ಅಲ್ಲೇ ಯುದ್ಧ ಆಗ್ತಿತ್ತು. ಜೋರಾಗಿ ಮಾತಾಡಿದ್ರೆ ಕಾರ್ಡು ಅಲುಗುತ್ತೇನೋ ಅನ್ನೋ ಹಾಗೆ, ತೊಟ್ಟಿಲ ಮಗು ಪಕ್ಕ ಮಾತಾಡೋ ದನಿಯಲ್ಲಿ ಗೌಡರು ಹೇಳಿದರು:

“ಅಣ್ಣಾ, ನಾನೂ ಒಕ್ಲು ಮಗನೇ. ಅರಕಲಗೂಡಲ್ಲಿ ನಮ್ಮಂಥೋನೇ ಒಬ್ಬ ಮಲಗವ್ನೆ. ಅವನ್ದು ಮುಗೀಲಿ, ಆಮೇಲೆ ನಿಮ್ದು. ನಿಮ್ಮ ಪಹಣಿ ಇವತ್ತೇ ಕೊಡ್ಸೋ ಜವಾಬ್ದಾರಿ ನಂದು.”

ಆ ಕಡೆಯವರು, ಆಯ್ತು ಬುಡಿ ಸಾ, ಇಷ್ಟೊತ್ತು ಕಾದಿವಿ, ಅಂದರಂತೆ. ಆಮೇಲೆ ಅವರೇ ಕಿಟಕಿ ಹತ್ತಿರ ಇದ್ದೋರಿಗೆಲ್ಲ ವಿಷಯ ಹೇಳಿ ಸಮಾಧಾನ ಮಾಡಿದರು ಅಂತ ಗುಮಾಸ್ತರು ಹೇಳಿದ್ದು.

ಬೇಕರಿ ಲೈನಿನ ರಿಸೀವರ್ ನನ್ನ ಇನ್ನೊಂದು ಕಿವಿಯಲ್ಲೇ ಇತ್ತು. ಕುಮಾರಣ್ಣ ರಸ್ತೆ ದಾಟಿ ಹೋಗೋದು, ಬರೋದು, ಸುದ್ದಿ ಹೇಳೋದು. ಡಾಕ್ಟ್ರು ಬಾಯಿ ಬಿಟ್ಟರಂತೆ. ಇಂಜೆಕ್ಷನ್ ಕೊಟ್ಟರಂತೆ. ಉಸ್ಸಪ್ಪಾ ಅಂತ ನಾನು ಕೀಲಿಮಣೆ ಕಡೆ ಕೈ ಚಾಚಿದೆ. ತಡೀರಿ ತಡೀರಿ, ಇನ್ನೊಂದು ಚೀಟಿ ತೆಗೆದು ಕಳುಸ್ಬೇಕಂತೆ ಅಂದ. ಮತ್ತೆ ಕಾದ್ವಿ. ಗೌಡರ ತೋಳು ಸೋತಿತು. ಎಡಗೈಯನ್ನ ಬಲಗೈ ಕೆಳಗೆ ಆನಿಸಿಕೊಂಡರು. ದೀಪದ ಮೇಲಿಂದ ಕಣ್ಣು ಕೀಳಲಿಲ್ಲ. ಬಾಯಲ್ಲಿ ಏನೋ ಮಣಮಣ. ಯಾವ ದೇವರ ಹೆಸರೋ ಅಂದುಕೊಂಡೆ. ಕಿವಿಗೊಟ್ಟು ಕೇಳಿದರೆ ‘ಕೆಮ್ಮಪ್ಪ, ಕೆಮ್ಮು, ಕೆಮ್ಮುತ್ತಾ ಇರು’ ಅಂತಿದ್ದರು. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

ಕಡೆಗೆ ಕುಮಾರಣ್ಣನ ದನಿ. “ಮುಗೀತಂತೆ ಕಣಕ್ಕ. ಹುಷಾರಾಗವ್ರಂತೆ. ನೀರು ಕೇಳುದ್ರಂತೆ. ಡಾಕ್ಟ್ರೇ ಅಂದ್ರು, ಇನ್ನ ಕಿತ್ಕಳಕ್ಕೆ ಹೇಳು ಅಂತ. ಅಯ್ಯೋ, ನನ್ನ ಬನ್ನು!” ಫೋನ್ ಬಿತ್ತು.

ಕಾರ್ಡನ್ನ ನಿಲ್ಲಿಸು ಅಂತ ರೂಟರಿಗೆ ಹೇಳಿದೆ. ಹಸಿರು ದೀಪ ಆರಿತು. ಈಗ ಎಳೀರಿ ಸಾರ್ ಅಂದೆ. ಮಗುವನ್ನ ತೊಟ್ಟಿಲಿಂದ ಎತ್ತೋ ಹಾಗೆ ಎಳೆದರು. ಹಿಂದಿನ ಪಿನ್ನು ಮುಟ್ಟದೆ ಅಂಚು ಹಿಡಿದು ಬೆಳ್ಳಿ ಬಣ್ಣದ ಚೀಲಕ್ಕೆ ಹಾಕಿದೆ. ಮಲ್ಲಿಗೆ ವಾಸನೆಯ ಹೊಸ ಕಾರ್ಡು ಕೂತಿತು, ದೀಪ ಹಚ್ಚಿಕೊಂಡಿತು, ಚನ್ನರಾಯಪಟ್ಟಣದಲ್ಲಿ ಪಹಣಿ ಬರೋಕೆ ಶುರುವಾಯ್ತು. ಕತ್ತಲಾಗೋವರೆಗೂ ಕೌಂಟರ್ ತೆಗೆದಿಟ್ಟು ಎಲ್ಲರಿಗೂ ಕೊಟ್ಟರಂತೆ. ಗೌಡರ ಬಲಗೈ ಮಾತ್ರ ಮಡಚೋಕೆ ಬರಲಿಲ್ಲ. ಎಡಗೈಲಿ ಕಾಫಿ ಕುಡಿದರು. ಹಲ್ಲಿ ಬಿದ್ದ ಭುಜ ಇದೇ ಅಲ್ವಾ ಸಾರ್ ಅಂದೆ. ನಗೋದಕ್ಕೂ ಅವರಿಗೆ ಶಕ್ತಿ ಇರಲಿಲ್ಲ.

ಕೆಲವು ವಾರ ಕಳೆದ ಮೇಲೆ ಒಬ್ಬ ಹೆಂಗಸು ನಮ್ಮ ಆಫೀಸಿಗೆ ಬಂದರು. ಹಿಂದೆ ಆಟೋದವನು ಆಲೂಗಡ್ಡೆ ಮೂಟೆ ಹೊತ್ಕೊಂಡು. ಕುಮಾರಣ್ಣ ಬನ್ನು ಸುಟ್ಟ ಕಥೆಯನ್ನ ಊರಿಗೆಲ್ಲ ಹೇಳಿ ಮುಗಿಸಿದ್ದ.

“ಅವತ್ತು ಕೀಳ್ದೆ ಇದ್ದೋರು ಯಾರವ್ವ ಇಲ್ಲಿ?”

ಗೌಡರು ನನ್ನ ಕಡೆ ಕೈ ತೋರಿಸಿದರು, ನಾನು ಅವರ ಕಡೆ ತೋರಿಸಿದೆ. ಆಯಮ್ಮ ಇಬ್ಬರನ್ನೂ ಒಂದ್ಸಲ ನೋಡಿ, ಗೌಡರ ಆ ಬಲಗೈಯನ್ನ ಎರಡೂ ಕೈಲಿ ಹಿಡ್ಕೊಂಡು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ನನ್ನ ಕೆನ್ನೆ ಸವರಿ, ಇಬ್ರೂ ಅಂಚ್ಕಳಿ, ಹೊಸಾ ಬೆಳೆ, ನಮ್ಮನೆಯೋರೇ ನಿಂತ್ಕಂಡು ಕೀಳ್ಸಿದ್ದು ಅಂದರು. ಕೆಲಸ ಮಾಡಿದ್ದಕ್ಕೆ ಬೈಸಿಕೊಂಡದ್ದು ಎಷ್ಟೋ ಇದೆ. ಒಂದು ಕೆಲಸ ಮಾಡದೇ ಇದ್ದದ್ದಕ್ಕೆ ಉಡುಗೊರೆ ಬಂದದ್ದು ನನ್ನ ಸರ್ವೀಸಿನಲ್ಲಿ ಅದೊಂದೇ. ತಿಂಗಳಾನುಗಟ್ಟಲೆ ನಮ್ಮನೇಲಿ ಆಲೂಗಡ್ಡೆ ಪಲ್ಯ, ಆಲೂಗಡ್ಡೆ ಹುಳಿ, ಆಲೂಗಡ್ಡೆ ಬೋಂಡ. ಯಜಮಾನರು ಕೈಮುಗಿದರು.

ಆ ದಿನದಿಂದ ಗೌಡರು ಬದಲಾದರು ಅಂದ್ರೆ ನೀವು ನಂಬಲ್ಲ, ನಾನೂ ನಂಬಿರಲಿಲ್ಲ. ಸಿಟ್ಟು ಹಾಗೇ ಇತ್ತು, ನಗುವೂ ಹಾಗೇ. ಬಸ್ಸು ಎರಡು ನಿಮಿಷ ತಡ ಆದ್ರೆ ಕಂಡಕ್ಟರಿಗೆ ಬೈಯೋದೂ ಹಾಗೇ. ಫೋನು ಮಾತ್ರ ಕುಕ್ಕೋದು ಬಿಟ್ಟರು. ಇಡೋಕೆ ಮುಂಚೆ, ಎಂಥಾ ಅವಸರ ಇದ್ದರೂ, ‘ಮುಗೀತಾ ಪಂಕಜಮ್ಮ?’ ಅಂತ ಕೇಳೋರು. ನಾನು ಹೂಂ ಸಾರ್ ಅಂದ ಮೇಲೇ ಇಡೋರು.

ಆ ಹೊಸ ಹುಡುಗಿಗೆ ನಾನು ಹೇಳಿದ್ದು ಇಷ್ಟೇ. ಕಂಕಣ ಕಟ್ಟು, ರೂಟರಿಗೆ ಹೇಳು, ದೀಪ ಆರಲಿ, ನೆಟ್ಟಗೆ ಎಳಿ, ಮುಚ್ಚಳ ಹಾಕು. ಇವೆಲ್ಲ ಪುಸ್ತಕದಲ್ಲಿದೆ. ಅದಕ್ಕೂ ಮುಂಚೆ ಆ ಕಡೆ ಇರೋ ಮನುಷ್ಯರನ್ನ ಕೇಳು. ಉತ್ತರ ಬರದಿದ್ದರೆ ಎದುರುಮನೆಯವರನ್ನ ಕೇಳು. ಸ್ಕ್ರೂಗೆ ಕೈ ಹಾಕೋದು ಆಮೇಲೆ. ಮಾರನೇ ದಿನ ಕೆಲಸ ಮುಗಿಸಿ ಅವಳೇ ಫೋನ್ ಮಾಡಿದಳು. ಎಲ್ಲ ಸುಸೂತ್ರ ಆಯ್ತಂತೆ.

ಆ ಖುಷಿಗೆ ನಾನು ದುದ್ದಕ್ಕೆ ಫೋನ್ ಮಾಡಿದೆ. ಗೌಡರು ಈಗ ಊರಲ್ಲೇ ಇದ್ದಾರೆ, ಹಸುಗಳನ್ನ ನೋಡ್ಕೊಂಡು. ಕಿವಿ ಸ್ವಲ್ಪ ಮಂದ. ಹುಡುಗಿ ವಿಷಯ ಹೇಳಿದೆ. ಬರೀತಿದೀನಿ ಸಾರ್, ನಿಮ್ಮ ಕೈ ಕಥೇನೂ ಬರೀತೀನಿ ಅಂದೆ. ಬರೀರಿ, ಹಲ್ಲಿ ಕಥೆ ಮಾತ್ರ ಬ್ಯಾಡ ಅಂದರು. ಆಮೇಲೆ ಅವರೂ ಸುಮ್ಮನಾದರು, ನಾನೂ ಸುಮ್ಮನಾದೆ. ದೂರದಲ್ಲಿ ಹಸು ಅಂಬಾ ಅಂತು. ತುಂಬಾ ಹೊತ್ತಾಯ್ತು. ಲೈನ್ ಹೋಯ್ತೇನೋ, ಇಟ್ಟುಬಿಡೋಣ ಅಂತ ಬೆರಳು ಗುಂಡಿ ಹತ್ತಿರ ತಗೊಂಡು ಹೋದೆ. ಹಳೇ ಅಭ್ಯಾಸ ನೋಡಿ, ಬೆರಳು ಅಲ್ಲೇ ನಿಂತಿತು.

“ಸಾರ್, ಮಾತು ಮುಗೀತಾ?” ಅಂದೆ.

ಆ ಕಡೆಯಿಂದ ಗೌಡರು ಒಂದ್ಸಲ ಕೆಮ್ಮಿದರು. ನಾನು ಫೋನ್ ಇಡಲಿಲ್ಲ.